ಬರೆದಿಟ್ಟ ಲೆಕ್ಕವನ್ನು ಓದುವವರು ಯಾರು?

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಹಾಲು ಉತ್ಪಾದಕರ ಸಹಕಾರ ಸಂಘಗಳ ಪದಾಧಿಕಾರಿಗಳು ಹಾಗೂ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ನಾನು ದನದ ಡಾಕ್ಟರು. ನಿಮ್ಮ ಮುಂದೆ ನಿಂತಾಗಲೆಲ್ಲ ಬೆದೆ, ಗಬ್ಬ, ಮೇವು, ಕೆಚ್ಚಲು ಬಾವು ಇವುಗಳ ವಿಷಯವನ್ನೇ ಹೇಳಿಕೊಂಡು ಬಂದವನು. ಇವತ್ತು ಲೆಕ್ಕದ ಪುಸ್ತಕದ ವಿಷಯ ಹೇಳಲು ಬಂದಿದ್ದೇನೆ. ಡಾಕ್ಟರಿಗೂ ಲೆಕ್ಕದ ಪುಸ್ತಕಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಮಾತು ಮುಗಿಯುವ ಹೊತ್ತಿಗೆ ಆ ಸಂಬಂಧ ನಿಮಗೇ ತಿಳಿಯುತ್ತದೆ.

ಇತ್ತೀಚೆಗೆ ಯಾವ ಊರಿಗೆ ಹೋದರೂ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಕೇಳುತ್ತಾರೆ. "ಸರ್, ಒಂದು ಕಂಪನಿಯವರು ಬಂದಿದ್ದರು. ಸಂಘದ ಲೆಕ್ಕ ಎಲ್ಲಾ ಕಂಪ್ಯೂಟರಿಗೆ ಕೊಟ್ಟರೆ ಯಾವ ಹಸು ಯಾವಾಗ ಕಾಯಿಲೆ ಬೀಳುತ್ತೆ, ಯಾರ ಹಾಲು ಯಾವಾಗ ಇಳಿಯುತ್ತೆ ಅಂತ ಮೊದಲೇ ಹೇಳ್ತೀವಿ ಅಂತಾರೆ. ವರ್ಷಕ್ಕೆ ಇಷ್ಟು ಅಂತ ದುಡ್ಡು ಕೇಳ್ತಾರೆ. ತಗೋಬಹುದಾ? ಇದನ್ನ ಯಾರನ್ನ ಕೇಳಬೇಕು?"

ಪ್ರಶ್ನೆ ಒಳ್ಳೆಯದೇ. ಬೆಂಗಳೂರಿನ ದೊಡ್ಡ ದೊಡ್ಡ ಕಂಪನಿಗಳೂ ಈಗ ಇದೇ ಪ್ರಶ್ನೆ ಕೇಳುತ್ತಿವೆ. ತಮ್ಮ ಬಳಿ ಬಿದ್ದಿರುವ ಅಂಕಿ ಅಂಶಗಳಿಂದ ಬುದ್ಧಿ ಕಲಿಯುವುದು ಹೇಗೆಂದು ತಜ್ಞರಿಗೆ ಹಣ ಕೊಟ್ಟು ಕೇಳುತ್ತವೆ. ಅದಕ್ಕೆ 'ಡೇಟಾ ಅನಾಲಿಟಿಕ್ಸ್' ಎಂದು ಹೆಸರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬರೆದಿಟ್ಟ ಲೆಕ್ಕವನ್ನು ಓದಿ, ಅದು ಏನು ಹೇಳುತ್ತಿದೆ ಎಂದು ತಿಳಿಯುವುದು. ಯಾರನ್ನು ಕೇಳಬೇಕು ಎಂಬುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ಓದದೆ ಬಿಟ್ಟ ಒಂದು ಸಾಲಿನ ಕಥೆ ಕೇಳಿ.

ಓದದೆ ಬಿಟ್ಟ ಒಂದು ಸಾಲು

ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯ ಒಬ್ಬ ಸದಸ್ಯರಿಗೆ ಒಂದೇ ಹಸು. ಒಂದು ದಿನ ಬೆಳಿಗ್ಗೆ ಸರತಿಯಲ್ಲಿ ಎಲ್ಲರ ಎದುರಿಗೆ ಅವರ ಹಾಲನ್ನು ವಾಪಸು ಕಳಿಸಿದರು. ಜಿಡ್ಡೇತರ ಘನಾಂಶ, ನೀವೆಲ್ಲ ಎಸ್.ಎನ್.ಎಫ್. ಎನ್ನುತ್ತೀರಲ್ಲ, ಅದು 8.0 ಬಂದಿತ್ತು. ಹಿಂದೆ ನಿಂತಿದ್ದ ಯಾರೋ "ಬೋರ್‌ವೆಲ್ ನೀರು ಚೆನ್ನಾಗಿ ಬರ್ತಿದೆ ಅಂತ ಕಾಣುತ್ತೆ" ಎಂದರಂತೆ. ಎಲ್ಲರೂ ನಕ್ಕರಂತೆ. ಮಾರನೆಯ ದಿನದಿಂದ ಅವರು ಡೈರಿಗೆ ಬರಲಿಲ್ಲ. ಹಾಲನ್ನು ಹೋಟೆಲಿಗೆ ಹಾಕತೊಡಗಿದರು.

ಹತ್ತು ದಿನದ ಮೇಲೆ ಪಕ್ಕದ ಮನೆಯ ಕರುವಿಗೆ ಔಷಧಿ ಕೊಡಲು ಹೋದವನನ್ನು ಅವರೇ ಕರೆದರು. "ಡಾಕ್ಟ್ರೇ, ಮೂವತ್ತು ವರ್ಷದಿಂದ ಡೈರಿಗೆ ಹಾಲು ಹಾಕಿದೀನಿ. ಒಂದು ಲೋಟ ನೀರು ಬೆರೆಸಿಲ್ಲ. ನೀವಾದರೂ ನೋಡಿ" ಎಂದರು. ನಾಲ್ಕು ಬಟ್ಟಲಿನ ತಟ್ಟೆಯಲ್ಲಿ ನಾಲ್ಕು ಮೊಲೆಯ ಹಾಲು ಹಿಂಡಿ ದ್ರಾವಣ ಹಾಕಿ ಅಲ್ಲಾಡಿಸಿದೆ. ಎರಡು ಬಟ್ಟಲಿನ ಹಾಲು ಲೋಳೆಯಂತೆ ಗಟ್ಟಿಯಾಯಿತು. ಗುಪ್ತ ಕೆಚ್ಚಲು ಬಾವು. ಕೆಚ್ಚಲು ಊದಿಲ್ಲ, ಹಾಲು ಒಡೆದಿಲ್ಲ, ಹಸು ಮೇವು ಬಿಟ್ಟಿಲ್ಲ. ಕಣ್ಣಿಗೆ ಏನೂ ಕಾಣುವುದಿಲ್ಲ. ಒಳಗೊಳಗೇ ಹಾಲಿನ ಸಕ್ಕರೆ ಅಂಶ ಕಡಿಮೆಯಾಗಿ ಎಸ್.ಎನ್.ಎಫ್. ಇಳಿಯುತ್ತಾ ಹೋಗುತ್ತದೆ.

ಸಂಜೆ ಸಂಘಕ್ಕೆ ಹೋಗಿ ಪುಸ್ತಕ ತೆಗೆಸಿದೆ. ಹದಿನೆಂಟು ದಿನಗಳ ಅವರ ಸಾಲು ಓದಿದೆ. 8.6, 8.5, 8.5, 8.4, 8.3, ಹೀಗೆ ಮೆಟ್ಟಿಲು ಇಳಿದಂತೆ ಇಳಿದು 8.0ಕ್ಕೆ ಬಂದಿದೆ. ಜಿಡ್ಡು ಮಾತ್ರ 3.8ರ ಆಸುಪಾಸಿನಲ್ಲೇ ನಿಂತಿದೆ. ನೀರು ಬೆರೆಸಿದರೆ ಜಿಡ್ಡು, ಎಸ್.ಎನ್.ಎಫ್. ಎರಡೂ ಒಂದೇ ಪ್ರಮಾಣದಲ್ಲಿ ತೆಳುವಾಗುತ್ತವೆ. 8.6 ಇದ್ದದ್ದು ನೀರಿನಿಂದ 8.0ಕ್ಕೆ ಇಳಿದಿದ್ದರೆ ಜಿಡ್ಡೂ 3.5ರ ಹತ್ತಿರಕ್ಕೆ ಇಳಿಯಬೇಕಿತ್ತು. ಇಳಿದಿರಲಿಲ್ಲ. ಆ ಮನುಷ್ಯ ನಿರಪರಾಧಿ ಎಂದು ಸಂಘದ ಪುಸ್ತಕವೇ ಸಾಕ್ಷಿ ಹೇಳುತ್ತಿತ್ತು. ಕೇಳುವವರು ಇರಲಿಲ್ಲ.

ತಪ್ಪು ಯಾರದು? ಹಾಲು ಪರೀಕ್ಷಕರು ಯಂತ್ರ ತೋರಿಸಿದ್ದನ್ನು ಬರೆದರು. ಕಾರ್ಯದರ್ಶಿಗಳು ನಿಯಮದಂತೆ ನಡೆದರು. ನಾನು? ಆ ಹದಿನೆಂಟು ದಿನಗಳಲ್ಲಿ ಮೂರು ಬಾರಿ ಅದೇ ಸಂಘಕ್ಕೆ ಹೋಗಿದ್ದೆ. ಅದೇ ಮೇಜಿನ ಮುಂದೆ ಕುಳಿತು ಟೀ ಕುಡಿದು, ಭೇಟಿ ಪುಸ್ತಕಕ್ಕೆ ಸಹಿ ಹಾಕಿ ಬಂದಿದ್ದೆ. ಪಕ್ಕದಲ್ಲಿದ್ದ ಹಾಲಿನ ಪುಸ್ತಕವನ್ನು ತೆರೆದು ನೋಡಿರಲಿಲ್ಲ. ಆದ್ದರಿಂದ ಮೊದಲ ತಪ್ಪು ನನ್ನದೇ.

ಚಿಕಿತ್ಸೆ ಮಾಡಿದೆವು. ಔಷಧಿಯ ಅವಧಿ ಮುಗಿಯುವವರೆಗೆ ಹಾಲನ್ನು ಮಾರಾಟಕ್ಕೆ ಬಿಡಲಿಲ್ಲ. ಒಂದು ಮೊಲೆ ಸರಿಹೋಯಿತು, ಇನ್ನೊಂದು ಪೂರ್ತಿ ಸರಿಹೋಗಲಿಲ್ಲ. ಅಂತೂ ಎಸ್.ಎನ್.ಎಫ್. ಮೇಲೆ ಬಂತು. ಆಗ ಅವರು ಹೇಳಿದ ಮಾತು ಇದು: "ಹಾಲಿಗೆ ಹೋಗಿದ್ದು ಬಂತು ಡಾಕ್ಟ್ರೇ. ನನಗೆ ಹೋಗಿದ್ದು ಬರೋದು ಯಾವಾಗ?"

ನಮ್ಮಲ್ಲಿ ಲೆಕ್ಕ ಎಷ್ಟಿದೆ?

ಒಂದು ಸಂಘದಲ್ಲಿ ನೂರು ಜನ ಹಾಲು ಹಾಕುತ್ತಾರೆ ಎನ್ನಿ. ಪ್ರತಿಯೊಬ್ಬರಿಗೂ ಲೀಟರು, ಜಿಡ್ಡು, ಎಸ್.ಎನ್.ಎಫ್. ಎಂದು ಮೂರು ಅಂಕಿ, ದಿನಕ್ಕೆ ಎರಡು ಹೊತ್ತು. ಒಂದು ದಿನಕ್ಕೆ 600 ಅಂಕಿಗಳು. ವರ್ಷಕ್ಕೆ 2,19,000. ಇದರ ಜೊತೆಗೆ ಕೃತಕ ಗರ್ಭಧಾರಣೆಯ ಪುಸ್ತಕ, ಪಶು ಆಹಾರದ ಲೆಕ್ಕ, ಲಸಿಕೆಯ ಪಟ್ಟಿ. ನಿಮ್ಮ ಹಸುವಿನ ಕಿವಿಗೆ ಹಾಕಿರುವ 12 ಅಂಕಿಗಳ ಹಳದಿ ಬಿಲ್ಲೆಯೂ ಒಂದು ಲೆಕ್ಕವೇ. ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯವರು ಸಿದ್ಧಪಡಿಸಿದ 'ಇನಾಫ್' ಎಂಬ ವ್ಯವಸ್ಥೆಯಲ್ಲಿ ಆ ಸಂಖ್ಯೆಯ ಮೇಲೆ ಹಸುವಿನ ವಿವರ ದಾಖಲಾಗುತ್ತಿತ್ತು. ಈಗ ಆ ಕೆಲಸ 'ಭಾರತ್ ಪಶುಧನ್'ನಲ್ಲಿ ನಡೆಯುತ್ತಿದೆ.

ಇಷ್ಟು ಅಂಕಿಗಳನ್ನು ನಾವು ಯಾವುದಕ್ಕೆ ಬಳಸುತ್ತೇವೆ? ಬಟವಾಡೆಗೆ. ಬಟವಾಡೆ ಮುಗಿದ ಮೇಲೆ ಪುಸ್ತಕ ಬೀರುವಿಗೆ ಹೋಗುತ್ತದೆ, ಆಡಿಟ್ ಬಂದಾಗ ಹೊರಗೆ ಬರುತ್ತದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ನಿಮಗೆ ಗೊತ್ತು. ನಮ್ಮ ಬಳಿ ಹೊರೆಗಟ್ಟಲೆ ಹುಲ್ಲಿದೆ. ಹಸುವಿಗೆ ಹಾಕುತ್ತಿಲ್ಲ, ಅಷ್ಟೆ.

ತಜ್ಞರು ಯಾರ ಕಡೆಯವರು?

ಈಗ ತಜ್ಞರ ಮಾತಿಗೆ ಬರೋಣ. ಸಹಕಾರಿ ಹೈನುಗಾರಿಕೆಯಲ್ಲಿ ತಜ್ಞರ ಸಲಹೆ ಪಡೆಯುವುದು ಹೊಸದೇನಲ್ಲ. ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲಿ ತಮ್ಮ ಒಕ್ಕೂಟ ಕಟ್ಟಿದರು. ಅದರ ಅಧ್ಯಕ್ಷರು ತ್ರಿಭುವನದಾಸ ಪಟೇಲರು. 1949ರಲ್ಲಿ ಆಣಂದಿನ ಸರ್ಕಾರಿ ಕ್ರೀಮರಿಗೆ ಕೆಲಸಕ್ಕೆಂದು ಬಂದಿದ್ದ ವರ್ಗೀಸ್ ಕುರಿಯನ್ ಎಂಬ ಯುವ ಎಂಜಿನಿಯರನ್ನು ಅವರು ಒಕ್ಕೂಟದಲ್ಲಿ ಉಳಿಸಿಕೊಂಡರು. ಗಮನಿಸಿ, ತಜ್ಞ ರೈತರ ಕೆಲಸಕ್ಕೆ ನಿಂತರು, ರೈತರು ಯಜಮಾನರಾಗಿಯೇ ಉಳಿದರು.

ಎಮ್ಮೆ ಹಾಲಿನಿಂದ ಪುಡಿ ಮಾಡಲು ಆಗುವುದಿಲ್ಲ ಎಂದು ಆ ಕಾಲದ ವಿದೇಶಿ ತಜ್ಞರು ಹೇಳುತ್ತಿದ್ದರು. ಅವರು ಹಸುವಿನ ಹಾಲಿನ ನಾಡಿನವರು. ಖೇಡಾ ಒಕ್ಕೂಟದಲ್ಲೇ ಇದ್ದ ಎಚ್.ಎಂ. ದಲಾಯ ಅವರು ಪ್ರಯೋಗ ಮಾಡಿ ಎಮ್ಮೆ ಹಾಲಿನ ಪುಡಿ ತಯಾರಿಸಿ ತೋರಿಸಿದರು. 1955ರಲ್ಲಿ ಆಣಂದಿನ ಪುಡಿ ಕಾರ್ಖಾನೆ ಶುರುವಾಯಿತು. ಇದರಿಂದ ಎರಡು ಪಾಠ ಕಲಿಯಬಹುದು. ತಜ್ಞರನ್ನು ಕೇಳಬೇಕು. ಕೇಳಿದ ಮೇಲೆ ನಮ್ಮ ಕೊಟ್ಟಿಗೆಯಲ್ಲಿ ಪರೀಕ್ಷೆ ಮಾಡಿಯೇ ಒಪ್ಪಬೇಕು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ನಾವಾಗಬಾರದು.

ಹೊರಗಿನ ತಜ್ಞರಿಗೆ ನಮ್ಮ ಊರು ಗೊತ್ತಿರುವುದಿಲ್ಲ. ಹಿರಿಯೂರಿನಲ್ಲಿ ತೇರುಮಲ್ಲೇಶ್ವರ ಸ್ವಾಮಿಯ ಜಾತ್ರೆ ಬಂದರೆ ಮನೆಗೆ ನೆಂಟರು ಬರುತ್ತಾರೆ, ಹಾಲು ಮನೆಯಲ್ಲೇ ಉಳಿಯುತ್ತದೆ. ಡೈರಿಯ ಲೆಕ್ಕದಲ್ಲಿ ಹಾಲು ಇಳಿದಿರುತ್ತದೆ. ಕಂಪ್ಯೂಟರು ಅದನ್ನು ನೋಡಿ ಊರಿಗೆ ರೋಗ ಬಂದಿದೆ ಎಂದು ತಿಳಿದರೆ ಆಶ್ಚರ್ಯವಿಲ್ಲ. ಹೊಳಲ್ಕೆರೆ ಕಡೆಯ ಅಡಿಕೆ ತೋಟದ ಬದುವಿನ ಹುಲ್ಲು ಬೇರೆ, ಚಿತ್ರದುರ್ಗ ಕಡೆಯ ಮೆಕ್ಕೆಜೋಳದ ಸಪ್ಪೆ ಬೇರೆ, ಹೊಸದುರ್ಗದ ತೆಂಗಿನ ತೋಟದ ಮೇವು ಬೇರೆ. ಇದನ್ನೆಲ್ಲ ಬಲ್ಲವರು ನೀವು. ಲೆಕ್ಕ ಬಲ್ಲವರು ಮತ್ತು ಊರು ಬಲ್ಲವರು ಒಟ್ಟಿಗೆ ಕುಳಿತರೆ ಮಾತ್ರ ಅಂಕಿಗೆ ಅರ್ಥ ಬರುತ್ತದೆ.

ತಜ್ಞರಿಂದ ಕಲಿಯಬೇಕಾದ ಮೂರು ವಿದ್ಯೆ

ಒಳ್ಳೆಯ ತಜ್ಞರು ಮೊದಲು ಕಲಿಸುವುದು ಸರಾಸರಿಯನ್ನು ಕಣ್ಣು ಮುಚ್ಚಿ ನಂಬಬಾರದು ಎಂಬುದನ್ನು. ಹತ್ತು ಜನ ಸದಸ್ಯರಿದ್ದಾರೆ. ಒಂಬತ್ತು ಜನ ತಲಾ 4 ಲೀಟರು ಹಾಕುತ್ತಾರೆ, ಒಬ್ಬರು 34 ಲೀಟರು ಹಾಕುತ್ತಾರೆ. ಒಟ್ಟು 70 ಲೀಟರು, ಸರಾಸರಿ 7. ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ 7 ಲೀಟರು ಹಾಕುವವರು ಆ ಊರಿನಲ್ಲಿ ಒಬ್ಬರೂ ಇಲ್ಲ. ಒಂಬತ್ತು ಮನೆಯ ಕಷ್ಟ ಒಂದು ಅಂಕಿಯ ಹಿಂದೆ ಮುಚ್ಚಿಹೋಗಿದೆ.

ಎರಡನೆಯದು, ಹಸುವನ್ನು ಅದರ ಜೊತೆಗೇ ಹೋಲಿಸಬೇಕು. ನಿಮ್ಮ ಹಸು ಪಕ್ಕದ ಮನೆಯ ಹಸುವಿನಷ್ಟು ಹಾಲು ಕೊಡುತ್ತಿಲ್ಲ ಎಂಬುದಕ್ಕಿಂತ, ಹತ್ತು ದಿನದ ಹಿಂದೆ ಕೊಟ್ಟಷ್ಟು ಈಗ ಕೊಡುತ್ತಿಲ್ಲ ಎಂಬುದು ಡಾಕ್ಟರಿಗೆ ಹೆಚ್ಚು ಉಪಯೋಗದ ಸುದ್ದಿ. ಆ ಸದಸ್ಯರ 8.6 ಮತ್ತು 8.0 ನಡುವಿನ ಮೆಟ್ಟಿಲುಗಳೇ ಇದಕ್ಕೆ ಉದಾಹರಣೆ.

ಮೂರನೆಯದು ಸ್ವಲ್ಪ ಕಷ್ಟದ್ದು. ಒಂದಾದ ಮೇಲೆ ಒಂದು ನಡೆದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂದು ಹೇಳಲಾಗದು. ಖನಿಜ ಮಿಶ್ರಣ ಕೊಳ್ಳುವ ಸದಸ್ಯರ ಮನೆಯಲ್ಲಿ ಹಾಲು ಹೆಚ್ಚು ಎಂದು ಪುಸ್ತಕ ಹೇಳಬಹುದು. ಆದರೆ ಖನಿಜ ಮಿಶ್ರಣ ಕೊಳ್ಳುವವರು ಮೊದಲೇ ಒಳ್ಳೆಯ ಹಸು ಸಾಕಿದವರು, ಹಸಿರು ಮೇವು ಬೆಳೆದವರು ಆಗಿರಬಹುದಲ್ಲವೇ? ಖನಿಜ ಮಿಶ್ರಣ ಕೊಡಿ ಎಂದು ನಾನೇ ಹೇಳುತ್ತೇನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದರಿಂದ ಎಷ್ಟು ಹಾಲು ಹೆಚ್ಚಿತು ಎಂದು ತಿಳಿಯಬೇಕಾದರೆ, ಒಂದೇ ರೀತಿಯ ಹಸುಗಳಲ್ಲಿ ಕೆಲವಕ್ಕೆ ಕೊಟ್ಟು, ಕೆಲವಕ್ಕೆ ಕೊಡದೆ, ಎರಡನ್ನೂ ಬರೆದು ನೋಡಬೇಕು.

ಯಾರನ್ನು ಕೇಳಬೇಕು?

ನಮ್ಮ ರಾಜ್ಯದಲ್ಲಿ ಕೇಳುವುದಕ್ಕೆ ಜಾಗಗಳಿವೆ. ಬೆಂಗಳೂರಿನ ಯಲಹಂಕದಲ್ಲಿ 'ನಿವೇದಿ' ಎಂಬ ರಾಷ್ಟ್ರೀಯ ಸಂಸ್ಥೆಯಿದೆ. ಅಲ್ಲಿನ ಕೆಲಸವೇ ಪಶುರೋಗಗಳ ಅಂಕಿ ಅಂಶಗಳ ಅಧ್ಯಯನ. ಹಿಂದಿನ ವರ್ಷಗಳ ರೋಗದ ವರದಿ ಮತ್ತು ಹವಾಮಾನ ಎರಡನ್ನೂ ಜೋಡಿಸಿ, ಯಾವ ಜಿಲ್ಲೆಯಲ್ಲಿ ಯಾವ ರೋಗ ಬರುವ ಸಂಭವವಿದೆ ಎಂದು ಎರಡು ತಿಂಗಳು ಮುಂಚಿತವಾಗಿ ಎಚ್ಚರಿಕೆ ಕೊಡುತ್ತಾರೆ. ಈ ಎಚ್ಚರಿಕೆ ಹುಟ್ಟುವುದು ಹಳ್ಳಿಯಿಂದ ಹೋದ ವರದಿಗಳಿಂದ. ನಮ್ಮ ಊರಿನ ರೋಗವನ್ನು ನಾವು ಬರೆಸದಿದ್ದರೆ ಅವರ ಲೆಕ್ಕದಲ್ಲಿ ನಮ್ಮ ಊರಿಗೆ ರೋಗವೇ ಬಂದಿಲ್ಲ ಎಂದಾಗುತ್ತದೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿದಾಗ ಮೊದಲ ದಿನವೇ ತಿಳಿಸುವುದರ ಬೆಲೆ ಏನೆಂದು ನಾವೆಲ್ಲ ಕಂಡಿದ್ದೇವೆ.

ಮೇವು ಮತ್ತು ಆಹಾರದ ಲೆಕ್ಕಕ್ಕೆ ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಲೆಕ್ಕದ ವಿದ್ಯೆಗೆ ನಿಮ್ಮ ತಾಲ್ಲೂಕಿನ ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಅಥವಾ ಗಣಿತ ಕಲಿಸುವ ಮೇಷ್ಟ್ರನ್ನೂ ಕರೆಯಬಹುದು. ಹಾಲು ಶೇಖರಣೆಯ ಲೆಕ್ಕಕ್ಕೆ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯವರೇ ತಂತ್ರಾಂಶ ಸಿದ್ಧಪಡಿಸಿದ್ದಾರೆ. ಹೊಸದನ್ನು ಕೊಳ್ಳುವ ಮೊದಲು ಅದರ ವಿಚಾರವನ್ನು ಒಕ್ಕೂಟದಲ್ಲಿ ಕೇಳಿ.

ಹಳ್ಳಿಯವರಿಂದ ಇದು ಆಗುತ್ತದೆಯೇ ಎಂಬ ಅನುಮಾನ ಬೇಡ. ರಾಷ್ಟ್ರೀಯ ಡೈರಿ ಯೋಜನೆಯ ಮೊದಲ ಹಂತದಲ್ಲಿ ಸಮತೋಲಿತ ಆಹಾರ ಕಾರ್ಯಕ್ರಮ ನಡೆಯಿತು. ಕರ್ನಾಟಕವೂ ಆ ಯೋಜನೆಯಲ್ಲಿತ್ತು. ಊರಿನವರೇ ಆದ ಯುವಕ ಯುವತಿಯರಿಗೆ ತರಬೇತಿ ಕೊಟ್ಟರು. ಅವರು ಮನೆಮನೆಗೆ ಹೋಗಿ ಹಸುವಿನ ಎದೆ ಸುತ್ತಳತೆಯಿಂದ ತೂಕ ಅಂದಾಜು ಮಾಡಿ, ಹಾಲು ಅಳೆದು, ಜಿಡ್ಡು ನೋಡಿ, ಮನೆಯಲ್ಲಿರುವ ಮೇವಿನ ವಿವರ ಬರೆದು, ತಂತ್ರಾಂಶದ ಸಹಾಯದಿಂದ ಆ ಹಸುವಿಗೆ ಏನು ಎಷ್ಟು ಹಾಕಬೇಕೆಂದು ಹೇಳುತ್ತಿದ್ದರು. ಅಂಕಿಯಿಂದ ಸಲಹೆ ಹುಟ್ಟಿಸುವ ಕೆಲಸ ಇದೇ ಅಲ್ಲವೇ?

ಹಣ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಕಂಪನಿಯವರೇ ಬರಲಿ, ತಜ್ಞರೇ ಬರಲಿ, ಆಡಳಿತ ಮಂಡಳಿ ಸಭೆಯಲ್ಲಿ ಈ ಆರು ಪ್ರಶ್ನೆ ಕೇಳಿ, ಉತ್ತರವನ್ನು ನಡವಳಿಯಲ್ಲಿ ಬರೆಸಿ.

1. ಇದು ನಮ್ಮ ಯಾವ ಕಷ್ಟಕ್ಕೆ ಉತ್ತರ ಕೊಡುತ್ತದೆ? ಹಸು ಬೆದೆಗೆ ಬಾರದಿರುವುದಕ್ಕೋ, ಎಸ್.ಎನ್.ಎಫ್. ಕಡಿಮೆಯಾಗಿರುವುದಕ್ಕೋ, ಸದಸ್ಯರು ಬಿಟ್ಟುಹೋಗುತ್ತಿರುವುದಕ್ಕೋ? ಎಲ್ಲಕ್ಕೂ ಒಂದೇ ಮದ್ದು ಎನ್ನುವವರನ್ನು ಜಾತ್ರೆಯಲ್ಲಿ ನೋಡಿದ್ದೀರಿ.

2. ಲೆಕ್ಕದ ಒಡೆಯರು ಯಾರು? ನಾಳೆ ಒಪ್ಪಂದ ಬಿಟ್ಟರೆ ನಮ್ಮ ಅಂಕಿಗಳೆಲ್ಲ ನಮಗೆ ವಾಪಸು ಸಿಗುತ್ತವೆಯೇ? ಬೇರೆಯವರಿಗೆ ಕೊಡುತ್ತೀರಾ? ಜನರ ಖಾಸಗಿ ಮಾಹಿತಿಯನ್ನು ಕಾಪಾಡಲು 2023ರಲ್ಲಿ ದೇಶದಲ್ಲಿ ಕಾಯ್ದೆಯೇ ಆಗಿದೆ. ಸದಸ್ಯರ ಫೋನ್ ನಂಬರು, ಬ್ಯಾಂಕ್ ಖಾತೆ ನಮ್ಮ ಕೈಯಲ್ಲಿರುವ ಠೇವಣಿ.

3. ಕರೆಂಟು ಹೋದಾಗ, ನೆಟ್‌ವರ್ಕ್ ಸಿಗದಾಗ ಏನಾಗುತ್ತದೆ?

4. ಲೀಟರಿಗೆ ಎಷ್ಟು ಬೀಳುತ್ತದೆ? ದಿನಕ್ಕೆ 400 ಲೀಟರು ಸೇರುವ ಸಂಘದಲ್ಲಿ ವರ್ಷಕ್ಕೆ 1,46,000 ಲೀಟರು. ಶುಲ್ಕ 14,600 ರೂಪಾಯಿ ಎಂದರೆ ಲೀಟರಿಗೆ 10 ಪೈಸೆ. ಆ ಹತ್ತು ಪೈಸೆ ಸದಸ್ಯರ ಕೈಗೆ ಮರಳಿ ಬರುವ ದಾರಿ ಯಾವುದು?

5. ಮೊದಲು ಐದು ಸಂಘಗಳಲ್ಲಿ ಆರು ತಿಂಗಳು ನಡೆಸಿ ತೋರಿಸುತ್ತೀರಾ? ಹೇಳಿದ ಭವಿಷ್ಯದಲ್ಲಿ ಎಷ್ಟು ನಿಜವಾಯಿತು, ಎಷ್ಟು ಸುಳ್ಳಾಯಿತು, ಎರಡನ್ನೂ ಬರೆದಿಡುತ್ತೀರಾ?

6. ನೀವು ಹೋದ ಮೇಲೆ ನಮ್ಮ ಊರಿನಲ್ಲಿ ಇದನ್ನು ನಡೆಸುವವರು ಯಾರು? ಅವರಿಗೆ ಕನ್ನಡದಲ್ಲಿ ಕಲಿಸಿಕೊಡುತ್ತೀರಾ?

ಆರನೆಯ ಪ್ರಶ್ನೆಗೆ ಸರಿಯಾದ ಉತ್ತರ ಬಾರದಿದ್ದರೆ ಉಳಿದ ಐದಕ್ಕೆ ಬಂದ ಉತ್ತರದಿಂದ ಉಪಯೋಗವಿಲ್ಲ. ತಜ್ಞರ ಸಲಹೆ ಪಡೆದ ಮೇಲೆ ನಮ್ಮ ಕೈಯಲ್ಲಿ ವಿದ್ಯೆ ಉಳಿಯಬೇಕು.

ಈ ತಿಂಗಳೇ ಶುರು ಮಾಡಿ

ಕಂಪ್ಯೂಟರು ಬರುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಸಂಘದಲ್ಲಿ ಪಿ.ಯು.ಸಿ. ಓದಿದ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಗೊತ್ತುಮಾಡಿ. ಹತ್ತು ದಿನಕ್ಕೊಮ್ಮೆ ಎರಡು ಗಂಟೆ ಪುಸ್ತಕದ ಮುಂದೆ ಕೂರಲಿ. ಮೂರು ಪಟ್ಟಿ ಮಾಡಲಿ. ತಮ್ಮದೇ ಹಿಂದಿನ ಹತ್ತು ದಿನಕ್ಕಿಂತ ಐದನೆಯ ಒಂದು ಭಾಗದಷ್ಟು ಹಾಲು ಇಳಿದವರದು ಮೊದಲ ಪಟ್ಟಿ. ಎಸ್.ಎನ್.ಎಫ್. ಬಿಡದೆ ಇಳಿಯುತ್ತಿರುವವರದು ಎರಡನೆಯದು. ಕರು ಹಾಕಿ 90 ದಿನ ಕಳೆದರೂ ಗರ್ಭಧಾರಣೆ ಮಾಡಿಸದ ಹಸುಗಳದು ಮೂರನೆಯದು. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಅಷ್ಟು ದಿನದ ಮೇವಿನ ಖರ್ಚನ್ನು ನೀವೇ ಲೆಕ್ಕ ಹಾಕಿ.

ಪಟ್ಟಿ ಆದ ಮೇಲೆ ಆ ಮನೆಗಳಿಗೆ ಹೋಗಿ ವಿಚಾರಿಸಬೇಕು. ಪುಸ್ತಕದಲ್ಲಿ 'ಕಾರಣ' ಎಂದು ಇನ್ನೊಂದು ಕಲಂ ಎಳೆಯಿರಿ. ಹಸು ಬೆದೆಗೆ ಬಂದಿತ್ತು, ಮನೆಯಲ್ಲಿ ಮದುವೆ ಇತ್ತು, ಹಸಿ ಮೇವು ಮುಗಿಯಿತು, ಕೆಚ್ಚಲು ಬಾವು, ಹಸು ಮಾರಿದರು, ಹೀಗೆ ತಿಳಿದದ್ದನ್ನು ತಿಳಿದಂತೆ ಬರೆಯಿರಿ. ಹಾಲು ಕರೆಯುವ ತಾಯಂದಿರನ್ನು ಕೇಳಿದರೆ ಸರಿಯಾದ ಕಾರಣ ಸಿಗುತ್ತದೆ. ಲೀಟರು, ಜಿಡ್ಡು, ಎಸ್.ಎನ್.ಎಫ್. ಯಂತ್ರವೇ ಬರೆಯುತ್ತದೆ. ಕಾರಣವನ್ನು ಮನುಷ್ಯರೇ ಕೇಳಿ ಬರೆಯಬೇಕು. ಒಂದು ವರ್ಷದ 'ಕಾರಣ' ಕಲಂ ಹಿಡಿದು ತಜ್ಞರ ಮುಂದೆ ಕೂರಿ. ಆಗ ಅವರು ನಿಮಗೆ ಕಲಿಸುವಷ್ಟೇ ನಿಮ್ಮಿಂದಲೂ ಕಲಿಯುತ್ತಾರೆ. ಒಂದೇ ಬೀದಿಯ ನಾಲ್ಕು ಮನೆಯಲ್ಲಿ ಒಟ್ಟಿಗೆ ಹಾಲು ಇಳಿದರೆ ಮಾತ್ರ ಹತ್ತು ದಿನ ಕಾಯಬೇಡಿ, ಅವತ್ತೇ ನನಗೆ ಫೋನು ಮಾಡಿ. ಕಾಲುಬಾಯಿ ಜ್ವರ ಕಾಯುವುದಿಲ್ಲ.

ಕೊನೆಯದಾಗಿ ಒಂದು ವಿನಂತಿ. ಈ ಪಟ್ಟಿಯನ್ನು ನೋಟೀಸು ಬೋರ್ಡಿಗೆ ಅಂಟಿಸಬೇಡಿ, ಸರತಿಯಲ್ಲಿ ಓದಬೇಡಿ. ಒಟ್ಟು ಹಾಲಿನ ಲೆಕ್ಕ ಊರಿಗೆಲ್ಲ ಕಾಣಲಿ, ಒಬ್ಬರ ಸಾಲು ಅವರ ಮನೆಯ ಜಗುಲಿಯಲ್ಲಿ ಮಾತ್ರ ಮಾತಾಗಲಿ. ಲೆಕ್ಕ ಓದುವುದು ತಪ್ಪು ಹಿಡಿಯುವುದಕ್ಕಲ್ಲ, ಕಷ್ಟ ಬೇಗ ತಿಳಿಯುವುದಕ್ಕೆ.

ಆ ಸದಸ್ಯರು ಈಗ ಮತ್ತೆ ಡೈರಿಗೆ ಹಾಲು ಹಾಕುತ್ತಿದ್ದಾರೆ. ಹಾಲು ತರುವವರು ಅವರ ಮನೆಯವರು. ಅವರು ಇನ್ನೂ ಸರತಿಯಲ್ಲಿ ನಿಲ್ಲುವುದಿಲ್ಲ. ಆ ಊರಿಗೆ ಹೋದಾಗಲೆಲ್ಲ ನಾನು ಈಗ ಮೊದಲು ಹಾಲಿನ ಪುಸ್ತಕ ತೆರೆಯುತ್ತೇನೆ, ಭೇಟಿ ಪುಸ್ತಕಕ್ಕೆ ಆಮೇಲೆ ಸಹಿ ಹಾಕುತ್ತೇನೆ. ನೀವೂ ಇವತ್ತು ಸಂಜೆ ನಿಮ್ಮ ಸಂಘದ ಪುಸ್ತಕ ತೆರೆದು, ಯಾರದಾದರೂ ಒಬ್ಬರ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಓದಿ ನೋಡಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.